ಹದಿಮೂರನೆಯ ಪ್ರಹರ್ಷಿಣಿ

ದಿನಕ್ಕೆ ಇಪ್ಪತ್ತು ಮೂವತ್ತು ಮಕ್ಕಳ ಹೆಸರು ಬರೆಯುವ ಮನುಷ್ಯನಿಗೆ ತನ್ನ ಸ್ವಂತ ಮಗಳಿಗೆ ಹೆಸರಿಡುವ ಅಧಿಕಾರವಿಲ್ಲವೆಂದರೆ ಅದು ಯಾವ ಸೀಮೆಯ ನ್ಯಾಯ? ಆರು ವಾರದಿಂದ ನಿಘಂಟಪ್ಪ ಈ ಪ್ರಶ್ನೆ ಕೇಳುತ್ತಲೇ ಇದ್ದ. ಆದರೆ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾಗ ಮಾತ್ರ. (ಆ ಸದ್ದಿನಲ್ಲಿ ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.)

ನಿಘಂಟಪ್ಪ ಎನ್ನುವುದು ಆಫೀಸಿನವರು ಅವನಿಗೆ ದಯಪಾಲಿಸಿದ ಬಿರುದು. ಜನನ ನೋಂದಣಿ ಕಚೇರಿಯ ಎರಡನೇ ಕಿಟಕಿಯ ಗುಮಾಸ್ತ ಅವನು. ಮಗುವಿನ ಹೆಸರು ಬರೆಸಲು ಬಂದವರು ಫಾರಂ ಕೊಟ್ಟು ಸುಮ್ಮನೆ ಹೋಗುವಂತಿರಲಿಲ್ಲ; ಅರ್ಥ, ಮೂಲ ಎಲ್ಲ ಕೇಳಿಸಿಕೊಂಡೇ ಹೋಗಬೇಕು. "ಶಾಂತಾನಾ? ಅಯ್ಯೋ, ಬಿಡ್ರೀ! ಬೀದಿಗೆ ನಾಲ್ಕು ಜನ ಶಾಂತಾ ಇರ್ತಾರೆ. ಮೃಣ್ಮಯಿ ಅಂತ ಇಡಿ, ಮಣ್ಣಿಂದಾದವಳು ಅಂತ ಅರ್ಥ. ಬೇಡ್ವಾ? ಸ್ರಗ್ವಿಣಿ? ಹಾರ ಹಾಕ್ಕೊಂಡವಳು!" ಎಂದು ಅವನು ಶುರು ಮಾಡಿದರೆ ಹಿಂದೆ ಸಾಲಿನಲ್ಲಿ ನಿಂತವರ ಕೈಯಲ್ಲಿದ್ದ ಕೂಸುಗಳು ಅಲ್ಲೇ ತೆವಳುವಷ್ಟು ದೊಡ್ಡವಾಗುತ್ತಿದ್ದವು.

ಈ ಹುಚ್ಚಿಗೆ ಒಂದು ಕಾರಣವಿತ್ತು. ಶಾಲೆಯಲ್ಲಿ ಅವನ ಹೆಸರಿನವರೇ ಐದು ಜನ. ಮೇಷ್ಟ್ರು ನಂಬರ್ ಕೊಟ್ಟು ಕರೆಯುತ್ತಿದ್ದರು. ಇವನು ಮೂರನೇ ನಂಬರ್. ಒಮ್ಮೆ ಕಂಠಪಾಠದಲ್ಲಿ ಇವನಿಗೆ ಬಂದ ಬಹುಮಾನವನ್ನು ಎರಡನೇ ನಂಬರಿನವನು ಹೋಗಿ ಈಸಿಕೊಂಡುಬಿಟ್ಟ. ಆ ಸ್ಟೀಲ್ ಲೋಟ ಕೊನೆಗೂ ಇವನ ಮನೆಗೆ ಬರಲಿಲ್ಲ. ತನ್ನ ಮಗುವನ್ನು ಕರೆದರೆ ತನ್ನ ಮಗು ಒಂದೇ ತಿರುಗಿ ನೋಡಬೇಕು ಎಂದು ಅವನು ಅಂದೇ ನಿಶ್ಚಯಿಸಿದ್ದ.

ಅಂಥ ಹೆಸರು ಅವನಿಗೆ ಮದುವೆಗೂ ಮುಂಚೆಯೇ ಸಿಕ್ಕಿತ್ತು, ಹಳೇ ಪುಸ್ತಕದಂಗಡಿಯ ಒಂದು ಛಂದಸ್ಸಿನ ಪುಸ್ತಕದಲ್ಲಿ. ಪ್ರಹರ್ಷಿಣಿ! ಬಹಳ ಹರ್ಷ ಕೊಡುವವಳು. ಸಾಲಿಗೆ ಹದಿಮೂರು ಅಕ್ಷರದ ಒಂದು ಸಂಸ್ಕೃತ ವೃತ್ತದ ಹೆಸರು. ಅಂದಿನಿಂದ ಆ ಹೆಸರನ್ನು ಅವನು ಎದೆಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದ.

ಹೆಂಡತಿಗೆ ಬೇಕಾಗಿದ್ದದ್ದು ಶಾಂತಾ. ಅವಳನ್ನು ಸಾಕಿ, ಹೊಲಿಗೆ ಕಲಿಸಿದ ದೊಡ್ಡಮ್ಮನ ಹೆಸರು.

"ಶಾಂತಾ ಅಂತೆ! ಇವಳ ಗಂಟಲು ಕೇಳಿದೀಯಾ? ಪಕ್ಕದ ಮನೆಯೋರು ಕಿಟಕಿಗೆ ಎರಡು ಪರದೆ ಹಾಕ್ಕೊಂಡಿದಾರೆ!" ಎಂದ ನಿಘಂಟಪ್ಪ.

"ಓಹೋ, ನಿಮ್ಮ ಪ್ರಹರ್ಷಿಣಿ ಅಂದ್ರೆ ಹರ್ಷ ಕೊಡೋಳು ತಾನೇ? ಅದೇ ಪಕ್ಕದ ಮನೆಯೋರನ್ನ ಕೇಳ್ಕೊಂಡು ಬನ್ನಿ, ಎಷ್ಟು ಹರ್ಷ ಆಗಿದೆ ಅಂತ."

ಮೂಲೆಯಲ್ಲಿ ಮೊಮ್ಮಗಳ ಬಟ್ಟೆ ಮಡಚುತ್ತಿದ್ದ ಅವನ ತಾಯಿ, "ಪ್ರ... ಪ್ರಹ... ಥೂ, ನನ್ನ ಹಲ್ಲಿನ ಸೆಟ್ಟು ಜಾರತ್ತೆ ಕಣೋ! ನಾನು ಪುಟ್ಟಿ ಅಂತೀನಿ, ಮಿಕ್ಕಿದ್ದು ನೀವೇ ಹೊಡೆದಾಡ್ಕೊಳಿ," ಎಂದು ಯುದ್ಧಭೂಮಿಯಿಂದ ನಿವೃತ್ತರಾದರು.

"ಅಮ್ಮಾ, ಇಡೀ ಊರಲ್ಲಿ ಇನ್ನೊಬ್ಬಳಿಲ್ಲ, ಗೊತ್ತಾ? ರಿಜಿಸ್ಟರ್ ಬರೆಯೋನು ನಾನು!"

ಹೆಂಡತಿ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. ಅವಳು ಗುಂಡುಸೂಜಿ ತೆಗೆದಳೆಂದರೆ ಮಾತು ಗಂಭೀರವಾಯಿತೆಂದೇ ಅರ್ಥ.

"ಸರಿ. ನಾಳೆ ಲಸಿಕೆಗೆ ಹೋಗ್ಬೇಕು. ಚೀಟಿಲಿ ನಿಮ್ಮ ಹೆಸರೇ ಬರೆಸಿ. ಆದ್ರೆ ಇನ್ನೊಬ್ಬಳು, ಒಬ್ಬೇ ಒಬ್ಬಳು ಪ್ರಹರ್ಷಿಣಿ ಕಣ್ಣಿಗೆ ಬಿದ್ರೆ ನನ್ನ ಮಗಳು ಶಾಂತಾ. ಆಮೇಲೆ ತಕರಾರಿಲ್ಲ."

"ಬಿದ್ರೆ ತಾನೇ!" ಎಂದು ನಿಘಂಟಪ್ಪ ಗಹಗಹಿಸಿ ನಕ್ಕ. ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

ಮರುದಿನ ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚಿನ ತುಂಬ ತಾಯಂದಿರು, ತಾಯಂದಿರ ತುಂಬ ಮಕ್ಕಳು. ನಿಘಂಟಪ್ಪ ಮಗಳನ್ನು ಎತ್ತಿಕೊಂಡು ರಾಜಗಾಂಭೀರ್ಯದಿಂದ ನಿಂತಿದ್ದ. ಆ ಪುಟ್ಟ ಮುಷ್ಟಿ ಅವನ ಅಂಗಿಯ ಗುಂಡಿಯನ್ನು ಹಿಡಿದಿತ್ತು. ಅವನಿಗೆ ಎದೆ ತುಂಬಿ ಬಂದಿತ್ತು. ಇನ್ನೇನು, ಮೊದಲ ಸಲ ಮಗಳ ಹೆಸರನ್ನು ನಾಲ್ಕು ಜನರ ಮುಂದೆ ಕೂಗುತ್ತಾರೆ!

ನರ್ಸಮ್ಮ ಚೀಟಿ ನೋಡಿ ಕೂಗಿದರು. "ಪ್ರಹರ್ಷಿಣಿ!"

ನಿಘಂಟಪ್ಪ ಒಂದು ಹೆಜ್ಜೆ ಮುಂದಿಟ್ಟ. ಬೆಂಚಿನಿಂದ ಹಸಿರು ಸೀರೆಯವಳು ಎದ್ದಳು. ಬಾಗಿಲ ಬಳಿಯಿದ್ದ ಅವಳಿಮಕ್ಕಳ ತಾಯಿ ಎದ್ದಳು. ಗೋಡೆಗೊರಗಿ ತೂಕಡಿಸುತ್ತಿದ್ದ ಒಬ್ಬ ಗಂಡಸು ದಡಬಡಿಸಿ ಎದ್ದ. ತೂಕದ ತಕ್ಕಡಿಯ ಮೇಲೆ ಹತ್ತಿ ಕೂತಿದ್ದ ಒಂದೂವರೆ ವರ್ಷದ ಪೋರಿಯೊಬ್ಬಳು "ಆಂ?" ಎಂದು ತಾನೇ ಓಗೊಟ್ಟಳು.

"ಇವತ್ತೂ ಐದು ಜನಾನಾ!" ನರ್ಸಮ್ಮ ಹಣೆ ಚಚ್ಚಿಕೊಂಡರು. "ಯಾವ ಪುಣ್ಯಾತ್ಮ ಈ ಹೆಸರು ಹಂಚ್ತಿದಾನೋ! ಕೂಗೋಕೆ ಮುಂಚೆ ನೀರು ಕುಡೀಬೇಕು ನಾನು."

"ಅಯ್ಯೋ, ಇವರೇ ಅಲ್ವಾ!" ಹಸಿರು ಸೀರೆಯವಳು ನಿಘಂಟಪ್ಪನ ಕಡೆ ಕೈ ತೋರಿಸಿದಳು. ಮುಖ ಅರಳಿತ್ತು. "ಸಾರ್, ನಮಸ್ಕಾರ! ಎರಡನೇ ಕಿಟಕಿ! 'ಮಿಕ್ಕಿದ್ದು ಯಾವುದಾದ್ರೂ ಇಟ್ಕೊಳ್ಳಿ, ಪ್ರಹರ್ಷಿಣಿ ಮಾತ್ರ ಬೇಡ, ಅದು ನನ್ನ ಮಗಳಿಗೆ, ಊರಲ್ಲೇ ಇಲ್ಲದ ಹೆಸರು' ಅಂದಿದ್ರಲ್ಲ? ನಮ್ಮ ಯಜಮಾನ್ರು ಮೆಟ್ಟಿಲಿಳಿಯೋದರೊಳಗೆ ಅಂಗೈ ಮೇಲೆ ಬರ್ಕೊಂಡ್ರು!"

"ನಮಗೂ ಹಂಗೇ ಹೇಳಿದ್ರು. ಒಂದನೇ ಕಿಟಕಿಗೆ ಹೋಗಿ ಬರೆಸಿಬಿಟ್ವಿ, ನಿಮಗೆ ಬೇಜಾರಾಗ್ಬಾರ್ದು ಅಂತ," ಎಂದ ತೂಕಡಿಸುತ್ತಿದ್ದವನು, ಬಹಳ ವಿನಯದಿಂದ.

ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು. ನಿಘಂಟಪ್ಪ ನೆಲದ ಹಾಸುಗಲ್ಲುಗಳನ್ನು ನೋಡುತ್ತ ನಿಂತ. ಎದೆಯಲ್ಲಿಟ್ಟು ಕಾಪಾಡಿದ ಗುಟ್ಟನ್ನು ತಾನೇ ಕಿಟಕಿಯಲ್ಲಿ ಕೂತು ಊರಿಗೆಲ್ಲ ಸಾರಿದ್ದ, ಅದೂ ಸರ್ಕಾರಿ ಸಂಬಳ ತೆಗೆದುಕೊಂಡು!

ಆಫೀಸಿಗೆ ಹೋದವನೇ ಒಂದನೇ ಕಿಟಕಿಯ ಮೇಡಂ ಹತ್ತಿರ ಸೋತ ಮುಖ ಹೊತ್ತು ನಿಂತ. ಅವರು ಕನ್ನಡಕ ಏರಿಸಿ ನಾಲ್ಕು ವರ್ಷದ ರಿಜಿಸ್ಟರ್ ತಿರುವಿದರು.

"ಪ್ರಹರ್ಷಿಣಿ ಹನ್ನೆರಡು. ನಿಮ್ಮವಳು ಸೇರಿದ್ರೆ ಹದಿಮೂರು. ಅದೇನೋ ಸಾಲಿಗೆ ಹದಿಮೂರು ಅಕ್ಷರ ಅಂತಿದ್ರಲ್ಲ, ಸಾಲು ಭರ್ತಿಯಾಯ್ತು ಬಿಡಿ."

"ನನಗೆ ಯಾಕೆ ಹೇಳ್ಲಿಲ್ಲ, ಮೇಡಂ?"

"ಹೇಳೋಕೆ ನೀವು ಬಾಯಿ ಮುಚ್ಚಿದ್ದು ಯಾವಾಗ?"

ನಿಘಂಟಪ್ಪ ನಿಟ್ಟುಸಿರುಬಿಟ್ಟ. "ಶಾಂತಾ ಎಷ್ಟಿದಾರೆ? ನೂರೋ, ಇನ್ನೂರೋ?"

ಮೇಡಂ ಮತ್ತೆ ತಿರುವಿದರು. ಇನ್ನೊಮ್ಮೆ ತಿರುವಿದರು. "ಒಬ್ಬಳೂ ಇಲ್ಲ! ಇರೋದಾದ್ರೂ ಹೇಗೆ? ಶಾಂತಾ ಅಂದೋರನ್ನೆಲ್ಲ ನೀವೇ ಓಡಿಸಿದ್ರಲ್ಲ."

ನಿಘಂಟಪ್ಪನ ಮುಖದಲ್ಲಿ ನಗು ಮೂಡಿತು. ತನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ, ರಿಜಿಸ್ಟರಿನ ಏಕೈಕ ಶಾಂತಾಳನ್ನು ಬರೆದ. ಸಂಜೆ ಹೆಂಡತಿಗೆ ಸುದ್ದಿ ಹೇಳಿದಾಗ ಅವಳು ಕಣ್ಣೊರೆಸಿಕೊಂಡಳು, ನಕ್ಕಳು, ಕೊನೆಗೆ ಗುಂಡುಸೂಜಿ ತೆಗೆದಳು. "ನೋಡಿ, ಈ ಸಲ ಕಿಟಕೀಲಿ ಬಾಯಿ ಬಿಟ್ರೆ ಹೊಲಿದುಬಿಡ್ತೀನಿ."

"ಬಿಡ್ತೀನಾ! ನನಗೇನು ತಲೆ ಕೆಟ್ಟಿದೆಯಾ?"

ತಿಂಗಳು ಕಳೆದು ಎರಡನೇ ಲಸಿಕೆಗೆ ಹೋದರು. ನರ್ಸಮ್ಮ ನೀರಿನ ಲೋಟ ಪಕ್ಕಕ್ಕೆ ಸರಿಸಿ, ಹಾಯಾಗಿ ಕೂಗಿದರು. "ಶಾಂತಾ!"

ಹೆಂಡತಿ ಹೆಮ್ಮೆಯಿಂದ ಎದ್ದಳು. ಕಿಟಕಿಯ ಹತ್ತಿರ ಎಳೆಗೂಸನ್ನು ಎತ್ತಿಕೊಂಡಿದ್ದ ಹುಡುಗಿಯೂ ಎದ್ದಳು. ಅವಳ ಪಕ್ಕದವಳೂ ಎದ್ದಳು.

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ನಿಘಂಟಪ್ಪ ಗೋಡೆಯ ಮೇಲೆ ಅಂಟಿಸಿದ್ದ, ಕೈ ತೊಳೆಯುವ ಸರಿಯಾದ ವಿಧಾನವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.