ಲಗೇಜ್ ತಕ್ಕಡಿಯಲ್ಲಿ ತೂಗಿದ ರೈಫಲ್

ಧೈರ್ಯವಂತರ ಮನೆಯಲ್ಲಿ ನಗುವಂಥದ್ದು ನಡೆಯುವುದು ಅಪರೂಪ. ಹೆದರುವವರ ಮನೆಯಲ್ಲಿ ವಾರಕ್ಕೊಂದಾದರೂ ನಡೆಯುತ್ತದೆ, ಆದರೆ ನಗು ಬರುವುದಕ್ಕೆ ಮಾತ್ರ ಎರಡು ಮೂರು ತಿಂಗಳು ಕಾಯಬೇಕು. ನಾನು ಎಲ್ಲವನ್ನೂ ಅಂದಂದೇ ಬರೆದಿಡುವವಳು. ಹಾಗಾಗಿ ಕೆಳಗಿನ ಸಂಗತಿಗಳೆಲ್ಲ ನನ್ನ ಪುಸ್ತಕದಲ್ಲಿ ನಡುಗುವ ಅಕ್ಷರದಲ್ಲಿಯೇ ಇವೆ.

ಆ ಪುಸ್ತಕದ ಬಗ್ಗೆ ಒಂದು ಮಾತು. ನಾನು ಮೈಸೂರಿನಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು, ಅದೂ ಮೊದಲ ದರ್ಜೆಯಲ್ಲಿ. ಪ್ರಯೋಗಾಲಯದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಡಾಲಸ್ ಪಕ್ಕದ ಅಲೆನ್‌ನಲ್ಲಿರುವ ನಮ್ಮ ಮನೆಗೆ ಕುಕ್ಕರ್ ಬರಲಿ, ಕಾರು ಬರಲಿ, ಮೊದಲು ಪುಸ್ತಕದಲ್ಲಿ ಅದಕ್ಕೊಂದು ಪುಟ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೊನೆಯ ಸಾಲಿನಲ್ಲಿ ತೀರ್ಮಾನ. ಅದರಲ್ಲಿ ಪಾಸಾಗದೆ ಈ ಮನೆಗೆ ಏನೂ ಬಂದಿಲ್ಲ. ಇಬ್ಬರು ಅಳಿಯಂದಿರೂ ಹಾಗೆ ಪಾಸಾಗಿ ಬಂದವರೇ.

೧. ಅಕ್ಕಿ ಮೂಟೆಯ ಹಿಂದೆ

ನಮ್ಮಿಂದ ಎರಡು ಬೀದಿ ಆಚೆ, ಬೆಂಗಳೂರಿನವರೊಬ್ಬರ ಮನೆ. ಅವರು ಮದುವೆಗೆಂದು ಹೋಗಿದ್ದಾಗ ಮಟಮಟ ಮಧ್ಯಾಹ್ನ ಯಾರೋ ಹಿಂಬಾಗಿಲ ಗಾಜು ಒಡೆದು ಒಳಗೆ ನುಗ್ಗಿ ಚಿನ್ನವನ್ನೆಲ್ಲ ಎತ್ತಿಕೊಂಡು ಹೋದರು. ದೇವರ ಮುಂದಿನ ಬೆಳ್ಳಿ ಪಂಚಪಾತ್ರೆಯನ್ನೂ ಬಿಡಲಿಲ್ಲ. ಅಂದಿನಿಂದ ನಮಗೆ ಕೇಳಿದ ಸದ್ದೆಲ್ಲ ಕಳ್ಳನದೇ. ಫ್ರಿಜ್‌ನೊಳಗೆ ಐಸ್ ಉದುರಿದರೂ ನಮ್ಮ ಯಜಮಾನರು ಲಟ್ಟಣಿಗೆ ಹಿಡಿದು ಎದ್ದು ನಿಲ್ಲುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ನಮ್ಮ ಜೊತೆಗಿರುವ ದೊಡ್ಡ ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು, ಮೊಮ್ಮಗಳು ಸ್ಕೂಲಿಗೆ. ಪಕ್ಕದ ಕಿಟಕಿಯಲ್ಲಿ ಒಂದು ನೆರಳು ಹಾದುಹೋಯಿತು. ಯಜಮಾನರು ನನ್ನ ಕೈ ಹಿಡಿದು ದಿನಸಿ ಇಡುವ ಪ್ಯಾಂಟ್ರಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಇಬ್ಬರೂ ಸೋನಾ ಮಸೂರಿ ಮೂಟೆಯ ಹಿಂದೆ ಕುಳಿತೆವು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಹೊರಗಿನವನಿಗೆ ಕೇಳಿಸೀತೆಂದು ಸೆರಗಿನಿಂದ ಒತ್ತಿಹಿಡಿದಿದ್ದೆ. ಆದರೂ ಬಾಗಿಲ ಸಂದಿಯಿಂದ, ಅದರಾಚೆಯ ಮುಂದಿನ ಕಿಟಕಿಯಲ್ಲಿ ಕಂಡಷ್ಟನ್ನು ಬರೆದುಕೊಂಡೆ. ನೀಲಿ ಷರ್ಟು, ಟೋಪಿ, ಕೈಯಲ್ಲಿ ಪೆಟ್ಟಿಗೆ. ಬೆಲ್ ಮಾಡಲಿಲ್ಲ.

ನಲವತ್ತು ನಿಮಿಷ ಕಳೆಯಿತು. ಯಜಮಾನರ ಕಾಲು ಜೋಮು ಹಿಡಿಯಿತು. ಆಗ ಮಗಳ ಫೋನ್ ಬಂತು, ಬಾಗಿಲಲ್ಲಿ ಪಾರ್ಸೆಲ್ ಇಟ್ಟಿದ್ದಾರಂತೆ, ಬಿಸಿಲಲ್ಲಿರುವುದು ಬೇಡ, ಒಳಗೆ ತೆಗೆದುಕೊಳ್ಳಿ ಎಂದು. ಗೋಡೆ ಹಿಡಿದುಕೊಂಡು ಹೋಗಿ ತೆಗೆದುಕೊಂಡೆವು. ಬಾಗಿಲಿಗೆ ಬರುವವರು ಯಾರೆಂದು ಒಳಗಿನಿಂದಲೇ ನೋಡಿ, ಹೆದರದೆ ಇರೋಣವೆಂದು ನಾವೇ ತರಿಸಿದ್ದ ಕ್ಯಾಮೆರಾ ಅದು.

೨. ತೂಕ ಮತ್ತು ಗೋಡೆ

ಅವತ್ತು ಸಂಜೆ ಕಾಫಿ ಕುಡಿಯುತ್ತ ಯಜಮಾನರು, ಇನ್ನು ಅಡಗಿ ಕೂರುವುದು ನನ್ನಿಂದಾಗದು, ಒಂದು ರೈಫಲ್ ತಗೊಳ್ಳೋಣ ಎಂದರು. ಇಲ್ಲಿನ ಪೊಲೀಸರು ಗಸ್ತಿನ ಕಾರಿನಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಟ್ರಿಗರ್ ಒತ್ತಿದಷ್ಟು ಸಲ ಒಂದೊಂದೇ ಗುಂಡು ಹಾರುವಂಥದ್ದು, ಆ ನಮೂನೆಯದು.

ಕಳ್ಳನ ನೆರಳಿಗಿಂತ ಹೆಚ್ಚು ನಾನು ಈ ಮಾತಿಗೆ ಹೆದರಿದೆ. ಕಾರಣ ನಮ್ಮ ಮೊಮ್ಮಗಳು, ಆರು ವರ್ಷದ ಪುಟ್ಟಿ. ಅವಳಿಂದ ಬಚ್ಚಿಟ್ಟದ್ದಕ್ಕೇ ನನ್ನ ಪುಸ್ತಕದಲ್ಲಿ ಒಂದು ಪುಟವಿದೆ. ಅಕ್ಕಿ ಡಬ್ಬದಲ್ಲಿಟ್ಟ ಚಾಕಲೇಟು, ಎರಡು ದಿನಕ್ಕೆ ಪತ್ತೆ. ಸೂಟ್‌ಕೇಸಿನೊಳಗಿನ ಹುಟ್ಟುಹಬ್ಬದ ಉಡುಗೊರೆ, ಒಂದೇ ದಿನ. ಸೀರೆಯಷ್ಟು ಉದ್ದದ ತಾತನ ಮಫ್ಲರಿನಲ್ಲಿ ಸುತ್ತಿಟ್ಟ ಐಪ್ಯಾಡು, ಅರ್ಧ ಗಂಟೆ. ಹಾಗೆಂದು ಬೇಡ ಎಂದುಬಿಟ್ಟರೆ ಯಜಮಾನರಿಗೆ ಹಟ ಬರುತ್ತದೆ. ಮಗಳು, ಅಳಿಯ ಇಬ್ಬರೂ 'ನಿಮ್ಮ ಪುಸ್ತಕ ಏನನ್ನುತ್ತೋ ಹಾಗೆ ಮಾಡಿ' ಎಂದು ಜಾರಿಕೊಂಡರು. ನಾನು ಪುಟ ತೆರೆದೆ.

ಶನಿವಾರ ಬಂದೂಕಿನ ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವಳು ನಮ್ಮ ಮಗಳ ವಯಸ್ಸಿನ ಹುಡುಗಿ, ತಾಳ್ಮೆಯವಳು. ರೈಫಲ್ ತೆಗೆದು, ಒಳಗೆ ಗುಂಡಿಲ್ಲವೆಂದು ತಾನು ನೋಡಿ, ನನಗೂ ತೋರಿಸಿ ಮೇಜಿನ ಮೇಲಿಟ್ಟಳು. ಮೊದಲ ಪ್ರಶ್ನೆ ತೂಕದ್ದು. ಅವಳು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಪದ್ಧತಿಯಲ್ಲ. ಊರಿಗೆ ಹೊರಡುವಾಗ ಸೂಟ್‌ಕೇಸ್ ನೇತುಹಾಕಿ ತೂಗುವ ಕೈ ತಕ್ಕಡಿಯನ್ನು ಬ್ಯಾಗಿನಿಂದ ತೆಗೆದೆ. ಯಜಮಾನರು ನನ್ನ ಪರಿಚಯವೇ ಇಲ್ಲದವರಂತೆ ಟೋಪಿಗಳ ಕಡೆ ಹೋಗಿ ನಿಂತರು. ಹುಡುಗಿ ನಗಲಿಲ್ಲ, ತಾನೇ ತಕ್ಕಡಿಯ ಪಟ್ಟಿಯನ್ನು ರೈಫಲಿಗೆ ಸುತ್ತಿಕೊಟ್ಟಳು. ಮೂರು ಕಿಲೋ ಚಿಲ್ಲರೆ, ಅದೂ ಖಾಲಿಯಿರುವಾಗ. ಯಜಮಾನರನ್ನು ಕರೆದು ಎರಡು ನಿಮಿಷ ಭುಜಕ್ಕಿಟ್ಟು ಹಿಡಿಯಿರಿ ಎಂದೆ. ಐವತ್ತನೆಯ ಸೆಕೆಂಡಿಗೆ ರೈಫಲಿನ ತುದಿ ಗಾಳಿಗೆ ಸಿಕ್ಕ ಅಗರಬತ್ತಿ ಹೊಗೆಯಂತೆ ಅಲ್ಲಾಡತೊಡಗಿತು.

ಮುಂದಿನ ಪ್ರಶ್ನೆ, ಗುಂಡು ಎಲ್ಲಿ ನಿಲ್ಲುತ್ತದೆ? ನಮ್ಮ ಮನೆಯ ಗೋಡೆಗಳು ಜಿಪ್ಸಮ್ ಹಲಗೆಯವು, ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ಹುಡುಗಿ ಮಾರುವವಳಾದರೂ ಸುಳ್ಳು ಹೇಳಲಿಲ್ಲ. "ಆ ಗೋಡೆ ನಿಲ್ಲಿಸುತ್ತದೆ ಅಂತ ನಂಬಬೇಡಿ, ಮ್ಯಾಮ್. ಗೋಡೆಯಾಚೆ ಯಾರು ಮಲಗುತ್ತಾರೆ?" ಎಂದಳು.

ಪುಟ್ಟಿ ಮಲಗುತ್ತಾಳೆ. ಉತ್ತರದ ಜಾಗದಲ್ಲಿ ಅಷ್ಟನ್ನೇ ಬರೆದೆ.

ಯಜಮಾನರು ಇನ್ನೂ ಎರಡು ಕಡೆ ವಿಚಾರಿಸಿ ಬರುತ್ತೇವೆ ಎಂದರು. ಹೊರಡುವಾಗ ಹುಡುಗಿ ನಮ್ಮನ್ನು ಕೂಗಿ ಕರೆದಳು. ರೈಫಲ್ ಬಗ್ಗೆ ಇನ್ನೇನೋ ಹೇಳುತ್ತಾಳೆಂದು ತಿರುಗಿದರೆ, ಮುಂದಿನ ವಾರ ತಾನು ವಿಮಾನದಲ್ಲಿ ಹೋಗುವುದಿದೆ, ಆ ತಕ್ಕಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

೩. ಫುಲ್‌ಶೀರ್‌ನ ಉಪ್ಪಿಟ್ಟು

ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಲ್ಲಿ ನಮ್ಮ ಯಜಮಾನರ ಸ್ನೇಹಿತರಿದ್ದಾರೆ, ಧಾರವಾಡದವರು. ಅವರ ಮನೆಯಲ್ಲಿ ಅಂಥದೇ ರೈಫಲ್ ಇದೆ. ಬಳಸುವವರನ್ನು ಕೇಳದೆ ನಾನು ಮಿಕ್ಸಿಯನ್ನೂ ಕೊಂಡಿಲ್ಲ. ಹಾಗಾಗಿ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು.

ನಾನು ಅವರಿಗೆ ಒಂದೇ ಪರೀಕ್ಷೆ ಕೊಟ್ಟೆ. ನೀವು ಸೋಫಾದಲ್ಲಿ ಕೂತಿದ್ದೀರಿ, ಕಳ್ಳ ಹಿಂಬಾಗಿಲಲ್ಲಿದ್ದಾನೆ. ರೈಫಲ್ ಕೈಗೆ ಬರಲು ಎಷ್ಟು ಹೊತ್ತು? ಗುಂಡು ತುಂಬುವುದು ಬೇಡ, ರೈಫಲ್, ಗುಂಡು ಎರಡೂ ಕೈಗೆ ಸಿಕ್ಕರೆ ಸಾಕು.

"ಎರಡ ನಿಮಿಷ ಸಾಕ್ರೀ ವೈನಿ," ಎಂದರು. ನಾನು ಗಡಿಯಾರ ನೋಡಿಕೊಂಡು ಶುರು ಎಂದೆ.

ರೈಫಲ್ ಮಹಡಿಯ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಅವರಿಗೆ ಮಂಡಿನೋವು, ಒಂದೊಂದು ಮೆಟ್ಟಿಲಿಗೂ ಎರಡೆರಡು ಕಾಲು. ಮೇಲೆ ಹೋದ ಮೇಲೆ ಕನ್ನಡಕ ಕೆಳಗೇ ಉಳಿದದ್ದು ಗೊತ್ತಾಯಿತು. ಕನ್ನಡಕವಿಲ್ಲದೆ ಮೂರು ಸಲ ತಪ್ಪು ನಂಬರ್ ಒತ್ತಿದರು. ಪೆಟ್ಟಿಗೆ ಕೀಂಯ್ ಎಂದು ಕೂಗಿ, ಇನ್ನು ಐದು ನಿಮಿಷ ಯಾರು ಒತ್ತಿದರೂ ತೆರೆಯುವುದಿಲ್ಲ ಎಂದು ಮುನಿಸಿಕೊಂಡಿತು. ಗುಂಡುಗಳು ಗ್ಯಾರೇಜಿನ ಬೇರೆ ಪೆಟ್ಟಿಗೆಯಲ್ಲಿ, ಅದರ ಕೀಲಿ ಹೆಂಡತಿಯ ಹತ್ತಿರ. ಅವರು ಮೇಲಿನಿಂದ ಕೀಲಿ ಎಲ್ಲಿಟ್ಟೀ ಎಂದು ಕೂಗಿದರು. ಅಡಿಗೆಮನೆಯಿಂದ ಉಪ್ಪಿಟ್ಟು ತಳಾ ಹಿಡೀತದ, ತಡೀರಿ ಎಂದು ಉತ್ತರ ಬಂತು.

ಹತ್ತೊಂಬತ್ತನೆಯ ನಿಮಿಷಕ್ಕೆ ಅವರು ರೈಫಲ್ ಹಿಡಿದು, ಬೆವರು ಒರೆಸಿಕೊಳ್ಳುತ್ತ ಕೆಳಗಿಳಿದು ಬಂದರು. ಗುಂಡುಗಳು ಇನ್ನೂ ಗ್ಯಾರೇಜಿನಲ್ಲೇ ಇದ್ದವು. ಅಷ್ಟರಲ್ಲಿ ಹೆಂಡತಿ ಮೇಜಿಗೆ ತಾಟುಗಳನ್ನು ತಂದಿಟ್ಟಿದ್ದರು. ಗಂಡನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು: "ಇಷ್ಟೊತ್ತಿಗೆ ಕಳ್ಳಗೂ ಹಸಿವ್ಯಾಗಿರತದ. ಅವಂಗೂ ಒಂದ್ ತಾಟು ಹಚ್ಚಲೇನು?"

೪. ಅಂಗಿಯೊಳಗಿನ ಬೆಂಕಿ

ಇಷ್ಟು ಕಂಡ ಮೇಲಾದರೂ ಆಸೆ ಬಿಡುತ್ತಾರೆಂದುಕೊಂಡಿದ್ದೆ. ಆದರೆ ಯಜಮಾನರು ಬೇರೆಯೇ ಪಾಠ ಕಲಿತಿದ್ದರು. ಪೆಟ್ಟಿಗೆಯದೇ ತೊಂದರೆ, ನಮ್ಮದು ಮಂಚದ ಕೆಳಗೇ ಇರಲಿ, ಕೈ ಹಾಕಿದರೆ ಸಿಗಬೇಕು ಎಂದು ಕಾರಿನಲ್ಲಿ ಹೇಳಿದರು. ಪುಟ್ಟಿಯ ಚೆಂಡು ದಿನಕ್ಕೆ ಹತ್ತು ಸಲ ಉರುಳಿಹೋಗುವುದು ಆ ಮಂಚದ ಕೆಳಗೇ.

ಅಲೆನ್‌ಗೆ ಹಿಂತಿರುಗದೆ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿರುವ ಚಿಕ್ಕ ಮಗಳ ಮನೆಗೆ ಹೋದೆವು. ಮರುದಿನ ಚಿಕ್ಕ ಅಳಿಯ ನಮ್ಮನ್ನು ಗುಂಡು ಹಾರಿಸುವ ತರಬೇತಿ ಜಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ರೈಫಲ್ ಬಾಡಿಗೆಗೆ ಸಿಗುತ್ತದೆ. ಕಲಿಸುವವರು ಬಿಳಿ ಗಡ್ಡದ ಹಳೆಯ ಸೈನಿಕರು. ಗುಂಡು ಹಾರಿದಾಗ ಅದರ ಖಾಲಿ ಹಿತ್ತಾಳೆ ಕೊಳವೆ ಕೆಂಡದ ಹಾಗೆ ಕಾದು ಹೊರಗೆ ಸಿಡಿಯುತ್ತದೆ, ಕತ್ತಿನ ಗುಂಡಿ ಹಾಕಿಕೊಳ್ಳಿ ಎಂದು ಎರಡು ಸಲ ಹೇಳಿದರು. ಯಜಮಾನರು ಸೆಖೆ ಎಂದು ಹಾಕಿಕೊಳ್ಳಲಿಲ್ಲ.

ಮೊದಲು ನಾನೇ ಹಾರಿಸಿದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು ನಾನು. ನನ್ನ ಭುಜ ಆ ಪಾಠ ಓದಿರಲಿಲ್ಲ. ಕಿವಿ ಮುಚ್ಚಿದ್ದರೂ ಆ ಸದ್ದು ಹೊಟ್ಟೆಯೊಳಗಿನಿಂದ ಕೇಳಿಸಿತು. ಒಂದೇ ಗುಂಡಿಗೆ ಸಾಕೆಂದು ಕೆಳಗಿಟ್ಟು, ಹಿಂದೆ ಬಂದು ಕುಳಿತು ಬರೆದೆ: ಈ ಸದ್ದು ಮನೆಯೊಳಗೆ ಒಂದು ಸಲ ಕೇಳಿದರೂ, ಆಮೇಲೆ ಆ ಮನೆಯಲ್ಲಿ ನಾನು ಇರಲಾರೆ.

ಯಜಮಾನರ ಮೂರನೆಯ ಗುಂಡಿಗೆ ಖಾಲಿ ಕೊಳವೆ ಹಾರಿ ನೇರವಾಗಿ ಅವರ ಅಂಗಿಯೊಳಗೆ ಇಳಿಯಿತು. ಮೆಚ್ಚಬೇಕಾದ್ದೆಂದರೆ, ಹೇಳಿಕೊಟ್ಟಿದ್ದ ಹಾಗೆಯೇ ರೈಫಲಿನ ತುದಿ ಆಚೆಗೇ ಇರುವಂತೆ ನಿಧಾನವಾಗಿ ಮೇಜಿನ ಮೇಲಿಟ್ಟರು. ಆಮೇಲೆ ಕುಣಿದರು. ಅಂಗಿ ಕಿತ್ತೆಸೆದು, ಬನಿಯನ್ ಕಿತ್ತೆಸೆದು ನಿಂತಾಗ ಎದೆಯ ಮೇಲೆ ಉಳಿದದ್ದು ಜನಿವಾರ ಮತ್ತು ಕಡಲೆಕಾಳಿನಷ್ಟು ಬೊಬ್ಬೆ. ಸೈನಿಕರು ಓಡಿ ಬಂದು ಬೊಬ್ಬೆಗೆ ತಣ್ಣೀರು ಹಾಕಿದರು. ಜನಿವಾರವನ್ನು ಗಂಭೀರವಾಗಿ ನೋಡಿ, ಇದೂ ರಕ್ಷಣೆಗೆ ಹಾಕಿಕೊಳ್ಳುವುದೇ ಎಂದು ಕೇಳಿದರು.

ಯಜಮಾನರು ಎದೆಯ ಬೊಬ್ಬೆಗೆ ಗಾಳಿ ಊದಿಕೊಳ್ಳುತ್ತ, "ಇವತ್ತಿನವರೆಗೆ ಹಾಗೇ ಅಂದುಕೊಂಡಿದ್ದೆ," ಎಂದರು.

೫. ಮೈಸೂರು ಪಾಕಿನ ಪ್ರಯೋಗ

ಬೊಬ್ಬೆ ಮಾಯಿತು, ಆಸೆ ಮಾಯಲಿಲ್ಲ. ಮುಂದಿನ ತಿಂಗಳು ತಂದೇ ತರುತ್ತೇನೆ ಎಂದರು. ನಾನು ಕೊನೆಯ ಷರತ್ತು ಹಾಕಿದೆ. ಮಂಚದ ಕೆಳಗೆ ಇಡುವ ಮಾತೇ ಬೇಡ. ಮೊದಲು ಪೆಟ್ಟಿಗೆ ಬರಲಿ. ಅದರಲ್ಲಿ ಒಂದು ವಾರ ಮೈಸೂರು ಪಾಕಿನ ಡಬ್ಬ ಇಡೋಣ. ಪುಟ್ಟಿಗೆ ಅದೆಂದರೆ ಪ್ರಾಣ. ಡಬ್ಬ ಹಾಗೆಯೇ ಉಳಿದರೆ ನಾನೇ ತೀರ್ಮಾನದಲ್ಲಿ 'ಆಗಬಹುದು' ಎಂದು ಬರೆಯುತ್ತೇನೆ.

ಪೆಟ್ಟಿಗೆ ಬಂತು. ದಪ್ಪ ಉಕ್ಕಿನದು, ನಮ್ಮ ಕೋಣೆಯ ಬಟ್ಟೆ ಅಲಮಾರಿನೊಳಗೆ ನೆಲಕ್ಕೆ ಬೋಲ್ಟ್ ಹಾಕಿಸಿದೆವು. ಆರು ಅಂಕೆ ಒತ್ತಿದರೆ ತೆರೆಯುತ್ತದೆ. ಯಜಮಾನರು ಮನಸ್ಸಿಗೆ ಬಂದ ಆರು ಅಂಕೆ ಆರಿಸಿ, ನೀನೂ ಬಾಯಿಪಾಠ ಮಾಡಿಕೋ ಎಂದರು. ಪುಟ್ಟಿ ಅಲ್ಲೇ ಕಾರ್ಪೆಟ್ ಮೇಲೆ ಮಲಗಿ ಬಣ್ಣ ಹಚ್ಚುತ್ತಿದ್ದಳು. ನಾನು ಕಣ್ಣಿನಲ್ಲೇ ಅವಳ ಕಡೆ ತೋರಿಸಿದೆ.

"ಅವಳಿಗೆಲ್ಲಿ ಅರ್ಥವಾಗುತ್ತೆ? ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ತಾನೆ ಹೇಳೋದು," ಎಂದು ಯಜಮಾನರು ಎತ್ತರದ ದನಿಯಲ್ಲಿ ಓದಿದರು. ಏಳು, ಎರಡು, ಒಂಬತ್ತು, ನಾಲ್ಕು, ಒಂದು, ಆರು. ನನಗಾಗಿ ಇನ್ನೊಂದು ಸಲ.

ತಪ್ಪು ಅವರೊಬ್ಬರದೇ ಎನ್ನಲಾರೆ. ನಮ್ಮ ಮನೆಯಲ್ಲಿ ಮಗುವಿಗೆ ತಿಳಿಯಬಾರದ್ದನ್ನೆಲ್ಲ ಕನ್ನಡದಲ್ಲೇ ಆಡುವುದು. ನಾಳೆ ಸೂಜಿ ಚುಚ್ಚಿಸುವುದಿದೆ, ಫ್ರೀಜರಿನಲ್ಲಿ ಐಸ್‌ಕ್ರೀಮ್ ಇದೆ, ಎಲ್ಲ ಹೀಗೆಯೇ. ನಾನೂ ಬಹಳ ಜಾಣತನವೆಂದುಕೊಂಡು ಪುಸ್ತಕದಲ್ಲಿ ಆ ನಂಬರನ್ನು ಕನ್ನಡ ಅಂಕಿಯಲ್ಲಿ ಬರೆದಿಟ್ಟಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ, ಪುಟ್ಟಿ ಸ್ಕೂಲಿನಿಂದ ಬಂದಿದ್ದಳು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ನಮ್ಮ ಕೋಣೆಯಿಂದ ಆರು ಸಲ ಬೀಪ್ ಸದ್ದು, ಆಮೇಲೆ ಕ್ಲಿಕ್. ಚಾಕು ಅಲ್ಲೇ ಬಿಟ್ಟು ಓಡಿದೆ. ಒಳಗಿರುವುದು ಮೈಸೂರು ಪಾಕ್ ಎಂದು ಗೊತ್ತಿದ್ದೂ ಬಾಯಲ್ಲಿ ರಾಮನಾಮ ಬರುತ್ತಿತ್ತು. ಯಜಮಾನರೂ ಹಿಂದೆಯೇ ಬಂದರು.

ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಅದರ ಮುಂದೆ ಪುಟ್ಟಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು, ಮಡಿಲಲ್ಲಿ ಡಬ್ಬ, ಮೊಣಕೈವರೆಗೆ ತುಪ್ಪ. ನಂಬರ್ ಯಾರು ಹೇಳಿದರು ಎಂದೆ.

"ತಾತ ಸೆಡ್ ಇಟ್. ಟೂ ಟೈಮ್ಸ್," ಎಂದಳು. ನಾವು ನಂಬಲಿಲ್ಲವೆಂದುಕೊಂಡಳೋ ಏನೋ, ಬೆರಳು ಮಡಿಸುತ್ತ ಒಪ್ಪಿಸಿದಳು. ಏಳು, ಎರಡು, ಒಂಬತ್ತು, ನಾಲ್ಕು, ಒಂದು, ಆರು. ಅಚ್ಚ ಮೈಸೂರಿನ ಉಚ್ಚಾರ, ಒಂದು ತಪ್ಪಿಲ್ಲ. ಆಮೇಲೆ ಬೆರಳು ಚೀಪುತ್ತ ಒಂದು ಬೇಡಿಕೆ ಇಟ್ಟಳು: "ನೆಕ್ಸ್ಟ್ ಟೈಮ್ ಚಾಕಲೇಟ್ ಇಡಿ, ಪ್ಲೀಸ್."

ಮುಂದಿನ ಸಲ ಅದರೊಳಗೆ ಬರಲಿದ್ದದ್ದು ಏನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಯಜಮಾನರು ಮಂಚದ ಅಂಚಿನಲ್ಲಿ ಕುಳಿತರು. ಪುಟ್ಟಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡರು, ಅಂಗಿಗೆಲ್ಲ ತುಪ್ಪವಾದರೂ ಬಿಡಲಿಲ್ಲ. ಆಮೇಲೆ ನನ್ನ ಪುಸ್ತಕ ಕೇಳಿದರು. ಇಷ್ಟು ವರ್ಷದಲ್ಲಿ ಅದರೊಳಗೆ ಬೇರೆಯವರ ಅಕ್ಷರ ಬಿದ್ದದ್ದು ಅದೊಂದೇ ಸಲ. ತೀರ್ಮಾನದ ಎದುರು 'ಬೇಡ' ಎಂದು ಬರೆದು, ಅದರ ಕೆಳಗೆ ಒಂದು ಗೆರೆಯನ್ನೂ ಎಳೆದರು.

ಚಿನ್ನ ಬ್ಯಾಂಕಿಗೆ ಹೋಯಿತು, ಹಿಂಬಾಗಿಲಿಗೆ ದಪ್ಪ ಗಾಜು ಬಂತು. ಬೋಲ್ಟ್ ಹಾಕಿಸಿದ ಪೆಟ್ಟಿಗೆಯನ್ನು ಕೀಳಲಾಗದೆ ಹಾಗೇ ಬಿಟ್ಟಿದ್ದೇವೆ. ನಂಬರ್ ಬದಲಾಗಿದೆ, ಅದು ಈಗ ನನಗೂ ಪುಟ್ಟಿಗೂ ಮಾತ್ರ ಗೊತ್ತು. ಒಳಗಿರುವುದು ಮೈಸೂರು ಪಾಕ್. ಸಕ್ಕರೆ ಕಾಯಿಲೆಯ ತಾತ ಮೂರು ತಿಂಗಳಿಂದ ನಂಬರ್ ಒತ್ತುತ್ತಲೇ ಇದ್ದಾರೆ, ಒಂದು ಸಲವೂ ತೆರೆದಿಲ್ಲ. ಪೆಟ್ಟಿಗೆ ಬಹಳ ಭದ್ರವೆಂದು ಬೇರೆ ಪುಟದಲ್ಲಿ ಬರೆದಿಟ್ಟಿದ್ದೇನೆ.