ದವಡೆ ನೋವಿನ ಪಾತ್ರದಲ್ಲಿ ನಾನು

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಪ್ ಗೆದ್ದವಳಿಗೆ ಒಂದು ದವಡೆ ನೋವು ನಟಿಸುವುದು ಯಾವ ಮಹಾ ಕೆಲಸ? ಇಂಥ ಕಾನ್ಫಿಡೆನ್ಸ್ ನನಗಿತ್ತು. ಮಸ್ಕಿಗೆ ಹೋಗುವವರೆಗೂ ಇತ್ತು.

ನನ್ನ ಮೊಮ್ಮಗಳು ಸ್ಫೂರ್ತಿ ಹಲ್ಲಿನ ಡಾಕ್ಟರ್. ಆದರೆ ಹಲ್ಲು ಕೀಳುವುದಿಲ್ಲ. ಹಲ್ಲು ಗಟ್ಟಿಯಿದ್ದೂ ಮುಖ, ದವಡೆ ನೋಯುವವರಿಗೆ ಆ ನೋವು ಎಲ್ಲಿಂದ ಬರುತ್ತದೆಂದು ಪತ್ತೆ ಮಾಡುವುದು ಅವಳ ಸ್ಪೆಷಾಲಿಟಿ. ಡೆಂಟಲ್ ಕಾಲೇಜಿನಲ್ಲಿ ಅದಕ್ಕೊಂದು ಕ್ಲಿನಿಕ್ ತೆರೆದು, ಅಲ್ಲೇ ಪಾಠವನ್ನೂ ಮಾಡಬೇಕೆಂಬುದು ಅವಳ ಕನಸು. ಅದಕ್ಕೆ ಮೊದಲು, ಕಾಲೇಜಿನವರು ಮಸ್ಕಿಯಲ್ಲಿ ನಡೆಸುವ ಹಲ್ಲಿನ ಕ್ಯಾಂಪಿನಲ್ಲಿ ಒಬ್ಬ ಪೇಶಂಟನ್ನು ಪರೀಕ್ಷಿಸುತ್ತಾ ವಿದ್ಯಾರ್ಥಿಗಳಿಗೆ ಪಾಠ ಹೇಳಿ ತೋರಿಸಬೇಕು. ಪ್ರೊಫೆಸರ್ ಮೆಚ್ಚಿದರೆ ಕೆಲಸ ಅವಳದು.

"ಹಲ್ಲು ಕೀಳಲಾರದ ಹಲ್ಲಿನ ಡಾಕ್ಟರಿಗೆ ಪಗಾರ ಯಾರು ಕೊಡ್ತಾರ?" ಎಂದು ನನ್ನ ಯಜಮಾನರು ಸಿಂಧನೂರಿನಿಂದ ದಾರಿಯುದ್ದಕ್ಕೂ ಚಿಂತಿಸಿದರು.

ಅಲ್ಲಿ ನೋಡಿದರೆ, ಲಿಂಗಸುಗೂರಿನಿಂದ ಬರಬೇಕಾದ ದವಡೆ ನೋವಿನ ಪೇಶಂಟೇ ಬಂದಿಲ್ಲ. ನೋವು ಕಡಿಮೆಯಾಯಿತೆಂದು ಮದುವೆಗೆ ಹೋಗಿದ್ದಾರಂತೆ. ಉಳಿದವರೆಲ್ಲ ಹಲ್ಲು ಕೀಳಿಸಿಕೊಳ್ಳಲು ಬಂದವರು. ಸ್ಫೂರ್ತಿಯ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಯಾರನ್ನೂ ಕೇಳದೆ, ಪೇಶಂಟಿನ ಕುರ್ಚಿ ಏರಿ ನರಳತೊಡಗಿದೆ. ಅಷ್ಟರಲ್ಲಿ ಪ್ರೊಫೆಸರ್ ಬಂದು ನಿಂತಿದ್ದರಿಂದ ಅವಳಿಗೆ ನನ್ನನ್ನು ಎಬ್ಬಿಸಲು ಟೈಮೇ ಸಿಗಲಿಲ್ಲ.

ಬಲಗೆನ್ನೆ ಮುಟ್ಟಿದಳು; ನರಳಿದೆ. ಎಡಗೆನ್ನೆ ಮುಟ್ಟಿದಳು, ಇನ್ನೂ ಜೋರಾಗಿ ನರಳಿದೆ. ಅಕಸ್ಮಾತ್ ನನ್ನ ಮೊಣಕೈಗೆ ಅವಳ ಕೈ ತಾಗಿತು, ಅದಕ್ಕೂ ನರಳಿದೆ! ಪ್ರೊಫೆಸರ್ ಹುಬ್ಬೇರಿಸಿದರು. ಊಟ ಏನು ಮಾಡುತ್ತೀರಿ ಎಂದು ಅವರು ಕೇಳಿದ್ದಕ್ಕೆ, "ಗಂಜಿ ಬಿಟ್ಟರೆ ನಥಿಂಗ್, ಡಾಕ್ಟರ್" ಎಂದು ಕಣ್ಣೊರೆಸಿಕೊಂಡೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಇದ್ದಿದ್ದರೆ ಇನ್ನೊಂದು ಕಪ್ ಕೊಡುತ್ತಿದ್ದರು.

ಆಮೇಲೆ ಊಟದ ಬಿಡುವು. ಕ್ಯಾಂಪಿಗೆ ಅಡುಗೆ ಮಾಡಿ ತಂದಿದ್ದ ಗಂಗಮ್ಮ ನನ್ನ ಮುಂದೆ ಖಡಕ್ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಇಟ್ಟರು. ನನ್ನ ಪಾತ್ರ ನನಗೆ ಪೂರ್ತಿ ಮರೆತುಹೋಯಿತು. ಕಟುಂ ಕಟುಂ ಸದ್ದು ಹಾಲ್ ತುಂಬಿತು. ಇನ್ನೊಂದು ರೊಟ್ಟಿ ಮುರಿಯುತ್ತಾ ತಲೆಯೆತ್ತಿದರೆ, ಎದುರಿಗೆ ಪ್ರೊಫೆಸರ್.

"ಗಂಜಿ ಹೆಂಗೈತ್ರಿ, ಅಮ್ಮಾ?"

ಸ್ಫೂರ್ತಿ ಮುಂದೆ ಬಂದಳು. "ಸರ್, ಇವ್ರು ನಮ್ಮ ಅಜ್ಜಿ. ಇವ್ರಿಗೆ ಯಾವ ನೋವೂ ಇಲ್ಲ. ಮುಟ್ಟಿದಾಗಲೇ ಗೊತ್ತಾತು, ಹೇಳಾಕ ಧೈರ್ಯ ಆಗಲಿಲ್ಲ."

ಪ್ರೊಫೆಸರ್ ಹೊರಡಲು ಬ್ಯಾಗಿನ ಜಿಪ್ ಎಳೆದರು. ಮಗುವಿನ ಕೆಲಸ ಹೋಯಿತು, ಅದೂ ನನ್ನಿಂದ! ಒಳ್ಳೆಯ ಇಂಗ್ಲಿಷಿನಲ್ಲಿ ಕ್ಷಮೆ ಕೇಳೋಣವೆಂದು ಎದ್ದು ನಿಂತೆ. ಹೊಟ್ಟೆ ತುಂಬಿದೆ, ಮಸ್ಕಿಯ ಮಧ್ಯಾಹ್ನ ಬೇರೆ. "ಸಾರಿ" ಎನ್ನಲು ಬಾಯಿ ತೆರೆದರೆ ಆಕಳಿಕೆ ಬಂತು. ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕೆಂದು ಸಿಸ್ಟರ್ ಕಲಿಸಿದ್ದರು. ಆದರೆ ಕೈಯಲ್ಲಿ ರೊಟ್ಟಿಯಿತ್ತು. ಮನಸಾರೆ ಆಕಳಿಸಿದೆ. ಕಿವಿಯ ಹತ್ತಿರ ಟಕ್ ಎಂದಿತು.

ತೆರೆದ ಬಾಯಿ ಮುಚ್ಚಲೇ ಇಲ್ಲ.

"ಸಾಕು ಮಾಡಜ್ಜಿ," ಎಂದು ಸ್ಫೂರ್ತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಯಜಮಾನರು, "ಬಿಡಬೇ, ಆಟ ಮುಗದೈತಿ," ಎಂದರು. ಒಬ್ಬ ವಿದ್ಯಾರ್ಥಿನಿ ನಕ್ಕು ಫೋಟೋ ಹೊಡೆದಳು. ನಾನು ಆ, ಆ ಎನ್ನುತ್ತಲೇ ಇದ್ದೆ. ಕೊನೆಗೆ ಜೊಲ್ಲು ನನ್ನ ಇಳಕಲ್ ಸೀರೆಯ ಮೇಲೆ ಬಿತ್ತು. ಸೀರೆ ಹಾಳುಮಾಡಿಕೊಂಡು ನಟಿಸುವವಳು ನಾನಲ್ಲವೆಂದು ಸ್ಫೂರ್ತಿಗೆ ಗೊತ್ತು.

ಅವಳ ಬೆರಳು ನನ್ನ ಕಿವಿಯ ಮುಂದೆ ಓಡಿತು. ದನಿಯೇ ಬದಲಾಯಿತು. "ಎಲ್ಲಾರೂ ಹತ್ತಿರ ಬರ್ರಿ. ಇಲ್ಲಿ ತಗ್ಗು ಬಿದ್ದೈತಿ ನೋಡ್ರಿ, ದವಡೀ ಕೀಲು ಜಾರೈತಿ." ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಯನ್ನು ಒತ್ತಿ ಹಿಂದಕ್ಕೆ ಸರಿಸುತ್ತಾ, ಪ್ರತಿಯೊಂದನ್ನೂ ಬಿಡಿಸಿ ಹೇಳಿದಳು. ಎಷ್ಟು ಚೆಂದ ಹೇಳಿದಳೆಂದರೆ, ನಮ್ಮ ಕಾಲದಲ್ಲಿ ನನಗೂ ಇಂಥದ್ದನ್ನು ಓದಲು ಸಿಕ್ಕಿದ್ದರೆ ಎಂದು, ಬಾಯಿ ತೆರೆದುಕೊಂಡೇ, ಒಂದು ಕ್ಷಣ ಆಸೆಪಟ್ಟೆ. ಟಕ್. ಬಾಯಿ ಮುಚ್ಚಿತು.

ಪ್ರೊಫೆಸರ್ ಬ್ಯಾಗ್ ಕೆಳಗಿಟ್ಟರು. "ಕ್ಲಿನಿಕ್ ಶುರು ಮಾಡ್ರಿ, ಡಾಕ್ಟರ್."

ಕಾಲೇಜಿನ ಗೋಡೆಯ ಮೇಲೆ ನನ್ನ ಫೋಟೋ ಇರಬೇಕೆಂದು ಹುಡುಗಿಯಾಗಿದ್ದಾಗ ಕನಸು ಕಾಣುತ್ತಿದ್ದೆ. ಈಗ ಇದೆ. ಸ್ಫೂರ್ತಿ ನನ್ನ ಒಪ್ಪಿಗೆ ಕೇಳಿಯೇ ತನ್ನ ಕ್ಲಿನಿಕ್ಕಿನಲ್ಲಿ ಹಾಕಿಸಿದ್ದಾಳೆ, ಬಾಯಿ ತೆರೆದ ಪೋಸಿನಲ್ಲೇ. ಗುರುತು ಸಿಗಬಾರದೆಂದು ಕಣ್ಣಿಗೆ ಕಪ್ಪು ಪಟ್ಟಿಯನ್ನೂ ಎಳೆಸಿದ್ದಾಳೆ.

ಯಜಮಾನರು ಅದರ ಮುಂದೆ ಬಹಳ ಹೊತ್ತು ನಿಂತು ನೋಡಿದರು.

"ಕಣ್ಣು ಮುಚ್ಚಿ ಏನು ಬಂತು? ಇಂಥಾ ಬಾಯಿ ಸಿಂಧನೂರಾಗ ಇನ್ಯಾರಿಗೈತಿ?"