ಖಾಲಿ ನಿಂತ ಹತ್ತು ಚಂದ್ರಂಕಿ

ನಮ್ಮ ಸೋದರತ್ತೆ ನಿಮ್ಮ ಮನೆಗೆ ಬಂದರೆ ಮೊದಲು ನಿಮ್ಮ ಮುಖ ನೋಡುವುದಿಲ್ಲ, ಗಾಳಿ ಮೂಸುತ್ತಾಳೆ! ಬೆಳ್ಳುಳ್ಳಿ ಒಗ್ಗರಣೆ, ಬೀಡಿ, ಊದುಬತ್ತಿ, ಯಾವುದರ ವಾಸನೆ ಸಿಕ್ಕಿದರೂ ಹೊಸಿಲಲ್ಲೇ ವಿಚಾರಣೆ ಶುರು. ನನ್ನ ತಂಗಿಗೆ ಚಿಂತಾಮಣಿ ಕಡೆಯ ಗಂಡು ನೋಡಲು ಹೋದಾಗಲೂ ಅಷ್ಟೆ. ನಾವೆಲ್ಲ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಈಕೆ ಅಡುಗೆಮನೆಯವರೆಗೂ ಮೂಸಿಕೊಂಡು ಹೋಗಿಬಂದು, "ಈ ಮನೇಲಿ ಹುಳ ಗೂಡು ಕಟ್ಟಲ್ಲ ಕಣ್ರೋ" ಎಂದು ತೀರ್ಪು ಕೊಟ್ಟಳು. ಹುಡುಗ ಅಂಚೆ ಕಚೇರಿಯಲ್ಲಿದ್ದ. ಹುಳುವಿಗೂ ಅವನಿಗೂ ಏನು ಸಂಬಂಧ?

ಅದು ಅವಳ ಕಸುಬಿನ ಚಾಳಿ. ಘಾಟು ವಾಸನೆ ಇರುವ ಕಡೆ ರೇಷ್ಮೆಹುಳು ಸರಿಯಾಗಿ ಗೂಡು ಕಟ್ಟುವುದಿಲ್ಲವಂತೆ. ಶಿಡ್ಲಘಟ್ಟದ ಸುತ್ತ ರೇಷ್ಮೆಹುಳು ಸಾಕುವ ಮನೆಗಳಿಗೆ ಚಂದ್ರಂಕಿ ಬಾಡಿಗೆಗೆ ಕೊಡುತ್ತಾಳೆ. ಚಂದ್ರಂಕಿ ಎಂದರೆ ಹಣ್ಣಾದ, ಅಂದರೆ ಮೇಯುವುದು ಮುಗಿದು ನೂಲು ಬಿಡಲು ಸಿದ್ಧವಾದ ಹುಳುಗಳನ್ನು ಮೇಲೆ ಬಿಟ್ಟು ಗೂಡು ಕಟ್ಟಿಸುವ, ಆಳೆತ್ತರದ ಬಿದಿರಿನ ತಟ್ಟೆ. ರಾಗಿ ಕುಯ್ದು ಕಣ ಮುಗಿಸಿದರೆ ಮುಂದಿನ ಮಳೆಯವರೆಗೆ ಅವಳ ಮನೆಯಲ್ಲಿ ದುಡಿಮೆಯೇ ಇರುತ್ತಿರಲಿಲ್ಲ. ಮಹಿಳಾ ಸಂಘದಲ್ಲಿ ಸಾಲ ಕೊಡುತ್ತಾರೆ ಎಂದಾಗ ಉಳಿದವರು ಹಸು, ಹೊಲಿಗೆ ಯಂತ್ರ ಎಂದರು. ಇವಳು ನಲವತ್ತು ಚಂದ್ರಂಕಿ ಎಂದಳು.

"ಹಸು ತಗೊಳ್ಳಮ್ಮ, ಹಾಲಾದ್ರೂ ಸಿಗುತ್ತೆ" ಎಂದರು ಸಂಘದ ಮೇಡಂ.

"ಹಸೂಗೆ ದಿನಾ ಮೇವು ಹಾಕ್ಬೇಕು ಮೇಡಮ್ಮ. ಚಂದ್ರಂಕಿ ಗೋಡೆಗೆ ಒರಗಿ ನಿಂತ್ರೆ ಒಂದು ಲೋಟ ನೀರೂ ಕೇಳಲ್ಲ!"

ಚಂದ್ರಂಕಿ ಬಾಡಿಗೆಗೆ ಕೊಟ್ಟ ಮೇಲಾದರೂ ಸುಮ್ಮನಿರುತ್ತಾಳೆಯೇ? ಹೆಣ್ಣು ಕೊಟ್ಟ ಮನೆಗೆ ಹೋದಂತೆ ನಡುವೆ ಒಮ್ಮೆ ಹೋಗಿ ನೋಡಿಕೊಂಡು ಬರುತ್ತಾಳೆ.

ಇದನ್ನೆಲ್ಲ ಸಹಿಸಬಹುದು. ಆದರೆ ನಲವತ್ತರಲ್ಲಿ ಹತ್ತನ್ನು ಮಾತ್ರ ಯಾರಿಗೂ ಬಾಡಿಗೆಗೆ ಕೊಡುತ್ತಿರಲಿಲ್ಲ. ಒಂದು ತಿಂಗಳು ಕಂತಿಗೆ ಸಾಲದೆ ಮೂಗುಬಟ್ಟು ಅಡವಿಟ್ಟಳು. ಅದೇ ವಾರ ದೊಡ್ಡ ಬೆಳೆಗಾರರೊಬ್ಬರು ಆ ಹತ್ತಕ್ಕೆ ಎರಡರಷ್ಟು ಬಾಡಿಗೆ ಕೊಡುತ್ತೇನೆಂದು ಬಂದರೆ ವಾಪಸ್ಸು ಕಳಿಸಿದಳು. ನನಗೆ ರೇಗಿತು.

"ಯಾರಿಗೆ ಅಂತ ಇಟ್ಕೊಂಡಿದೀಯ ಅತ್ತೆ? ಪೂಜೆಗಾ?"

"ಬರೋರು ಬರ್ತಾರೆ ಕಣೇ."

"ಯಾರು?"

"ನಂಗೇನು ಗೊತ್ತು?"

ಹೇಗಿದೆ ಉತ್ತರ! ನೆಂಟರ ಮದುವೆಗಳಲ್ಲೆಲ್ಲ ಇದನ್ನು ಅವಳ ದನಿಯಲ್ಲೇ ಹೇಳಿ ನಗಿಸಿದ್ದೇನೆ.

ಹೋದ ಬೇಸಿಗೆಯಲ್ಲಿ ನಾನೂ ಅದೇ ಸಂಘದಲ್ಲಿ ಸಾಲ ತೆಗೆದು ಮೊದಲ ಬಾರಿಗೆ ಹುಳು ಮೇಯಿಸಿದೆ. ಅತ್ತೆಯ ಬಾಡಿಗೆಯ ಮೂವತ್ತು ಚಂದ್ರಂಕಿಗಳು ಬೇರೆ ಮನೆಯಲ್ಲಿದ್ದವು, ಮಾರನೆಯ ದಿನ ನನಗೆ ಬರಬೇಕಿತ್ತು. ಬಿಸಿಲಿಗೆ ನನ್ನ ಹುಳುಗಳು ಒಂದು ದಿನ ಮೊದಲೇ ಹಣ್ಣಾದವು! ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಇದ್ದಲ್ಲೇ ಒಂದರ ಮೇಲೊಂದು ನೂಲು ಬಿಟ್ಟು ಹಾಳಾಗುತ್ತದೆ. ತಂದ ಸಾಲವೆಲ್ಲ ಹುಳು ಮೇಯಿಸುವ ತಟ್ಟೆಗಳಲ್ಲಿ ತಲೆಯೆತ್ತಿಕೊಂಡು ಗೂಡಿಗೆ ಜಾಗ ಹುಡುಕುತ್ತಿತ್ತು. ಅತ್ತೆಗೆ ಫೋನ್ ಮಾಡಿ ಅತ್ತುಬಿಟ್ಟೆ.

ಅರ್ಧ ಗಂಟೆಯಲ್ಲಿ ಗೂಡ್ಸ್ ಆಟೋ ಬಂತು. ಹಿಂದೆ ಹತ್ತು ಚಂದ್ರಂಕಿ, ಅವನ್ನು ಹಿಡಿದುಕೊಂಡು ಬರಿಗಾಲಲ್ಲಿ ಅತ್ತೆ.

ಮೊದಲು ಹಣ್ಣಾದವಕ್ಕೆ ಹತ್ತು ಸಾಕಾದವು. ಇಬ್ಬರೂ ಕೂತು ಹುಳು ಆರಿಸಿ ಬಿಡುತ್ತಿದ್ದಾಗ ಅವಳು ತಲೆಯೆತ್ತದೆ ಹೇಳಿದಳು.

"ಮದ್ವೆ ಆದ ಹೊಸದ್ರಲ್ಲಿ ನಂದೂ ಹಿಂಗೇ ಆಗಿತ್ತು ಕಣೇ. ಮೂರೂರು ಸುತ್ತಿದೆ. ಮುಂಗಡ ಇಲ್ದೆ ಯಾರೂ ಒಂದು ಚಂದ್ರಂಕೀನೂ ಕೊಡ್ಲಿಲ್ಲ. ಇಡೀ ಬೆಳೆ ಈ ಕೈಯಲ್ಲೇ ತಿಪ್ಪೆಗೆ ಸುರಿದೆ."

ಅವಳು ಒಂದು ಕಾಲದಲ್ಲಿ ಹುಳು ಸಾಕಿದ್ದಳೆಂಬುದೇ ನನಗೆ ತಿಳಿದಿರಲಿಲ್ಲ. ಮದುವೆಮನೆಗಳಲ್ಲಿ ನಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಅತ್ತೆ, ಈ ಹತ್ತರ ಬಾಡಿಗೆ..."

"ಇವಕ್ಕೆ ಬಾಡಿಗೆ ಇಲ್ಲ. ನಿಧಾನಕ್ಕೆ ಬಿಡು, ಒಂದರ ಮೇಲೊಂದು ಬೀಳ್ಬಾರ್ದು."

ಆ ಬೆಳಿಗ್ಗೆ ನಾನು ಮೈಮರೆತು ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದೆ. ವಾಸನೆ ಇನ್ನೂ ಮನೆ ತುಂಬ ಇತ್ತು. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.